ವಿಶ್ವನಾಥರಿಂದ ಕೊಹ್ಲಿಯವರೆಗೆ: ನಾವು ಆರಿಸಿಕೊಂಡ ನಾಯಕರು

2021ರ ಏಪ್ರಿಲ್‌ನಲ್ಲಿ ಬಂದ ಒಂದು ಜಾಹೀರಾತು ಹಲವರಿಗೆ ನೆನಪಿರಬಹುದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ರಾಹುಲ್ ದ್ರಾವಿಡ್ ಅಕ್ಕಪಕ್ಕದವರ ಮೇಲೆ ರೇಗುತ್ತಾರೆ, ಬ್ಯಾಟಿನಿಂದ ಕಾರೊಂದರ ಕನ್ನಡಿ ಒಡೆಯುತ್ತಾರೆ, ಕೊನೆಗೆ ಕಾರಿನ ಮೇಲ್ಭಾಗದಿಂದ ಎದ್ದು ನಿಂತು ತಾನು ಇಂದಿರಾನಗರದ ಗೂಂಡಾ ಎಂದು ಹಿಂದಿಯಲ್ಲಿ ಸಾರಿಕೊಳ್ಳುತ್ತಾರೆ. ದೇಶವೆಲ್ಲ ನಕ್ಕಿತು. ಆ ನಗೆ ನಿಂತಿದ್ದುದು ಒಂದೇ ನಂಬಿಕೆಯ ಮೇಲೆ: ದ್ರಾವಿಡ್ ಹೀಗೆ ಮಾಡುವವರಲ್ಲ. ಬೇರೆ ಯಾವ ಆಟಗಾರನನ್ನು ಅದೇ ಕಾರಿನಲ್ಲಿ ನಿಲ್ಲಿಸಿದ್ದರೂ ಜಾಹೀರಾತು ಅಷ್ಟು ನಗಿಸುತ್ತಿರಲಿಲ್ಲ. ಅದನ್ನು ನೋಡಿ ನಕ್ಕವರಲ್ಲಿ ಎಷ್ಟೋ ಮಂದಿ ಅದೇ ನಗರದ ಅದೇ ರಸ್ತೆಗಳಲ್ಲಿ ದಿನವೂ ಹೀಗೆಯೇ ಕೂಗಾಡುವವರು ಎಂಬುದು ಆಗ ಯಾರಿಗೂ ಹೊಳೆದಂತೆ ಕಾಣಲಿಲ್ಲ. ನಾವು ಕೂಗಾಡುವವರು, ಅವರು ಕೂಗಾಡದವರು. ನಮ್ಮ ಪರವಾಗಿ ತಾಳ್ಮೆಯಿಂದಿರುವ ಕೆಲಸವನ್ನು ನಾವು ಅವರಿಗೆ ಬಹಳ ಹಿಂದೆಯೇ ವಹಿಸಿಬಿಟ್ಟಿದ್ದೆವು.

ಕ್ರೀಡಾಪಟುಗಳನ್ನು ಜನ ಏಕೆ ಆರಾಧಿಸುತ್ತಾರೆ ಎಂಬ ಪ್ರಶ್ನೆಗಿಂತ, ಒಂದು ಕಾಲದ ಜನ ಯಾವ ಕ್ರೀಡಾಪಟುವನ್ನು ಆರಿಸಿಕೊಂಡರು ಮತ್ತು ಯಾರನ್ನು ಬಿಟ್ಟರು ಎಂಬ ಪ್ರಶ್ನೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಆಟದ ಮೈದಾನದಲ್ಲಿ ಸಾಮರ್ಥ್ಯ ತಾನಾಗಿ ಕಾಣುತ್ತದೆ, ಆದರೆ ಆರಾಧನೆ ತಾನಾಗಿ ಹುಟ್ಟುವುದಿಲ್ಲ. ಅದನ್ನು ಕಟ್ಟುವವರು ಪತ್ರಿಕೆಯವರು, ಮನೆಯ ಹಿರಿಯರು, ಶಾಲೆಯ ಮೇಷ್ಟ್ರುಗಳು, ಇತ್ತೀಚೆಗೆ ಜಾಹೀರಾತು ಕಂಪನಿಗಳು. ಕಟ್ಟುವಾಗ ತಮಗೆ ಬೇಕಾದ ಗುಣಗಳನ್ನು ಎತ್ತಿ ತೋರಿಸಿ ಉಳಿದವನ್ನು ಮರೆಗೆ ಸರಿಸುತ್ತಾರೆ. ಕಳೆದ ಐವತ್ತು ವರ್ಷಗಳ ಬೆಂಗಳೂರಿನ ಕ್ರಿಕೆಟ್ಟನ್ನು ಹೀಗೆ ನೋಡಿದರೆ, ಸ್ಕೋರ್‌ಕಾರ್ಡುಗಳಲ್ಲಿ ಸಿಗದ ಒಂದು ಸಾಮಾಜಿಕ ಚರಿತ್ರೆ ಸಿಗುತ್ತದೆ.

ನಾನು ಬೆಳೆದದ್ದು ಬ್ಯಾಂಕ್ ನೌಕರರ ಮನೆಯಲ್ಲಿ. ನಮ್ಮ ತಂದೆಯವರಿಗೆ ಗುಂಡಪ್ಪ ವಿಶ್ವನಾಥ್ ಎಂದರೆ ಬರೀ ಆಟಗಾರರಲ್ಲ, ಒಂದು ಬಗೆಯ ಸಹೋದ್ಯೋಗಿ. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿದ್ದರು, ತಂದೆಯವರು ಬೇರೆ ಬ್ಯಾಂಕಿನಲ್ಲಿ. ಆದರೂ ಸಂಬಳ, ಬಡ್ತಿ, ವರ್ಗಾವಣೆಗಳ ಆ ಜಗತ್ತು ಒಂದೇ ಆಗಿತ್ತು. ಭದ್ರಾವತಿಯಲ್ಲಿ ಹುಟ್ಟಿದ, ಐದೂಕಾಲು ಅಡಿಗಿಂತ ಹೆಚ್ಚು ಎತ್ತರವಿಲ್ಲದ ಈ ಬ್ಯಾಟರ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿ, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ ಎರಡನೆಯದರಲ್ಲಿ 137 ಹೊಡೆದರು. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆ್ಯಂಡಿ ರಾಬರ್ಟ್ಸ್ ಎದುರು ಔಟಾಗದೆ ಹೊಡೆದ 97ನ್ನು ಎಷ್ಟೋ ಶತಕಗಳಿಗಿಂತ ಮೇಲೆಂದು ಎಣಿಸುವವರು ಇಂದಿಗೂ ಇದ್ದಾರೆ. ಅವರು ಒಟ್ಟು 14 ಟೆಸ್ಟ್ ಶತಕ ಹೊಡೆದರು; ಅವುಗಳಲ್ಲಿ ಯಾವೊಂದು ಪಂದ್ಯವನ್ನೂ ಭಾರತ ಸೋಲಲಿಲ್ಲ. ಆದರೆ ನಮ್ಮ ಮನೆಯಲ್ಲಿ ಮತ್ತೆ ಮತ್ತೆ ಹೇಳಲಾಗುತ್ತಿದ್ದ ಕಥೆ ಈ ಯಾವುದೂ ಅಲ್ಲ, ಭಾರತ ಸೋತ ಒಂದು ಪಂದ್ಯದ ಕಥೆ.

1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ಭಾರತಕ್ಕೆ ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬ್ಯಾಟ್ ಮಾಡುತ್ತಿದ್ದ ಇಂಗ್ಲೆಂಡಿನ ಕೀಪರ್ ಬಾಬ್ ಟೇಲರ್ ಕ್ಯಾಚಿತ್ತು ಔಟಾದರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ವಿಶ್ವನಾಥ್, ತೀರ್ಪನ್ನು ಹಿಂತೆಗೆದುಕೊಳ್ಳುವಂತೆ ಕೇಳಿ ಟೇಲರ್ ಅವರನ್ನು ಮತ್ತೆ ಕ್ರೀಸಿಗೆ ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಸೇರಿ 171 ರನ್ ಕಲೆಹಾಕಿದರು. ಬೋಥಮ್ 114 ಹೊಡೆದು, ಪಂದ್ಯದಲ್ಲಿ 13 ವಿಕೆಟ್ ಕಿತ್ತು, ಇಂಗ್ಲೆಂಡಿಗೆ 10 ವಿಕೆಟ್‌ಗಳ ಗೆಲುವು ತಂದರು. ವಿಶ್ವನಾಥ್ ಭಾರತದ ನಾಯಕರಾಗಿ ಆಡಿದ ಟೆಸ್ಟುಗಳು ಎರಡೇ, ಇದು ಎರಡನೆಯದು. ಮುಂಬಯಿಯಲ್ಲೋ ದೆಹಲಿಯಲ್ಲೋ ಈ ಪ್ರಸಂಗವನ್ನು ಮೆದುತನವೆಂದು ನೋಡಿದವರು ಇದ್ದಿರಬಹುದು. ನಮ್ಮಲ್ಲಿ ಮಾತ್ರ ಅದನ್ನು ಹೇಳುವ ಧಾಟಿಯಲ್ಲಿ ಸೋಲಿನ ಸುಳಿವೇ ಇರುತ್ತಿರಲಿಲ್ಲ. ಸಂಭಾವಿತರಾಗಿ ಉಳಿದದ್ದೇ ಗೆಲುವು, ಪಂದ್ಯದ ಫಲಿತಾಂಶ ಅದರ ಅಡಿಟಿಪ್ಪಣಿ.

ಈ ಧಾಟಿ ಎಲ್ಲಿಂದ ಬಂತು? ಆ ಕಾಲದ ಕರ್ನಾಟಕದ ಮಧ್ಯಮ ವರ್ಗ ಬದುಕಿದ ರೀತಿಯಲ್ಲೇ ಉತ್ತರವಿದೆ. ಬ್ಯಾಂಕುಗಳು, ಸಾರ್ವಜನಿಕ ವಲಯದ ಕಾರ್ಖಾನೆಗಳು, ಸರ್ಕಾರಿ ಕಚೇರಿಗಳು, ಕಾಲೇಜುಗಳು ಇವೇ ಅದರ ನೆಲೆ. ಅಲ್ಲಿ ಮೇಲೇರುವ ದಾರಿ ಪರೀಕ್ಷೆಯದು, ಕಾಯುವಿಕೆಯದು, ಹೆಸರು ಕೆಡಿಸಿಕೊಳ್ಳದೆ ಇರುವುದರದು. ಆದ್ದರಿಂದ ಆ ವರ್ಗದ ಕ್ರೀಡಾನಾಯಕರ ಕಥೆಗಳಲ್ಲೆಲ್ಲ ಓದು ಎಂಬುದೊಂದು ಇರಲೇಬೇಕಿತ್ತು. ಎರಪಳ್ಳಿ ಪ್ರಸನ್ನ 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮಾಡಿ ಬಂದವರು, ಎಂಜಿನಿಯರಿಂಗ್ ಮುಗಿಸುವ ಸಲುವಾಗಿ ಸುಮಾರು ಐದು ವರ್ಷ ಟೆಸ್ಟ್ ಕ್ರಿಕೆಟ್‌ನಿಂದ ದೂರ ಉಳಿದು 1967ರಲ್ಲಿ ಮರಳಿದರು. ಒಬ್ಬ ಅಪ್ರತಿಮ ಆಫ್‌ಸ್ಪಿನ್ನರ್‌ನ ಹರೆಯದ ಐದು ವರ್ಷ ಹೋಯಿತಲ್ಲ ಎಂದು ಯಾರೂ ಮರುಗಿದ್ದನ್ನು ನಾನು ಕೇಳಿಲ್ಲ. ಡಿಗ್ರಿ ಮುಗಿಸಿದರು ನೋಡು ಎಂದು ಮೆಚ್ಚಿದ್ದನ್ನು ಮಾತ್ರ ಕೇಳಿದ್ದೇನೆ. ಅನಿಲ್ ಕುಂಬ್ಳೆ ಬೆಂಗಳೂರಿನ ಆರ್‌.ವಿ. ಕಾಲೇಜಿನ ಮೆಕ್ಯಾನಿಕಲ್ ಎಂಜಿನಿಯರ್, ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಿಂದ ಬಂದ ಎಂಜಿನಿಯರ್. ತೊಂಬತ್ತರ ದಶಕದಲ್ಲಿ ಕ್ರಿಕೆಟ್ ಹುಚ್ಚು ಹತ್ತಿಸಿಕೊಂಡ ಹುಡುಗರ ಬಾಯಿ ಮುಚ್ಚಿಸಲು ಮನೆಮನೆಯಲ್ಲೂ ಬಳಕೆಯಾದ ಹೆಸರುಗಳಿವು. ಆಡು, ಬೇಡವೆನ್ನುವುದಿಲ್ಲ, ಆದರೆ ಕುಂಬ್ಳೆಯ ಹಾಗೆ ಮೊದಲು ಓದು.

ಆಟದ ಸೌಕರ್ಯಗಳು ಕೂಡ ಇದೇ ವರ್ಗದ ಮಿತಿಯೊಳಗೇ ಇದ್ದವು. 1980ರ ಮಾರ್ಚ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳಿಗೆ ಬಾಡಿಗೆಗೆ ಹೋಗುವ ಹಾಲ್. ಮುಹೂರ್ತವಿದ್ದ ದಿನ ಆಟವಿಲ್ಲ, ಇಲ್ಲದ ದಿನ ಅಭ್ಯಾಸ. ವಿಶ್ವದ ಅಗ್ರ ಆಟಗಾರನೊಬ್ಬ ಮದುವೆ ಹಾಲಿನಲ್ಲಿ ತಯಾರಾದದ್ದು ಹೆಮ್ಮೆಯ ಸಂಗತಿಯೆಂದು ನಾವು ಹೇಳಿಕೊಳ್ಳುತ್ತೇವೆ. ಒಂದು ರಾಜ್ಯದ ರಾಜಧಾನಿ ತನ್ನ ಹುಡುಗರಿಗೆ ಒಂದು ಕೋರ್ಟ್ ಕೊಡಲಾಗದೆ ಇದ್ದದ್ದನ್ನೂ ಅದೇ ಸಂಗತಿ ಹೇಳುತ್ತದೆ. ಸೌಕರ್ಯವಿಲ್ಲದಿರುವುದನ್ನು ಆಟಗಾರನ ಸದ್ಗುಣವಾಗಿ ಮಾರ್ಪಡಿಸಿ ಹೇಳುವ ಜಾಣತನ ನಮಗೆ ಚೆನ್ನಾಗಿ ಒಗ್ಗಿದೆ.

ಆ ಕಾಲದ ದೊಡ್ಡ ಗೆಲುವು 1974ರ ರಣಜಿ ಟ್ರೋಫಿ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹೊಸ ಹೆಸರಿನ ಮೊದಲ ಋತುವಿನಲ್ಲೇ ತಂಡವು ಬೆಂಗಳೂರಿನ ಸೆಮಿಫೈನಲ್‌ನಲ್ಲಿ, ಸತತ 15 ವರ್ಷ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಮುಂಬಯಿಯನ್ನು ಮಣಿಸಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ಹೊತ್ತು ತಂದಿತು. ಏಕೀಕರಣವಾಗಿ ಹದಿನೇಳು ವರ್ಷ ಕಳೆದಿದ್ದರೂ ಹೆಸರಿಗಾಗಿ ಕಾದಿದ್ದ ನಾಡಿಗೆ, ಆ ಹೆಸರನ್ನು ದೇಶದ ಪತ್ರಿಕೆಗಳ ಕ್ರೀಡಾಪುಟದಲ್ಲಿ ಓದುವ ಸುಖ ಎಂಥದಿದ್ದಿರಬಹುದೆಂದು ಊಹಿಸಬಹುದು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್ ಇವರೆಲ್ಲ ಆಗ ನಾಡಿನ ಪ್ರತಿನಿಧಿಗಳಾದರು.

ಆದರೆ ಆ ಪ್ರಾತಿನಿಧ್ಯ ಎಷ್ಟು ಕಿರಿದಾಗಿತ್ತು! ಆ ಆಟಗಾರರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು ಅಥವಾ ಅವುಗಳ ಆಸುಪಾಸಿನವರು, ಕಾಲೇಜು ಕಂಡವರು, ಬಹುಪಾಲು ಮೇಲ್ಜಾತಿಯ ಮನೆಗಳಿಂದ ಬಂದವರು. ಕಲಬುರಗಿಯ ಅಥವಾ ಬಳ್ಳಾರಿಯ ಹುಡುಗನೊಬ್ಬ ಆ ತಂಡದಲ್ಲಿ ತನ್ನನ್ನು ಕಾಣುವುದು ಕಷ್ಟವಿತ್ತು. ಸಂಭಾವಿತ ಆಟಗಾರ ಎಂಬ ನಮ್ಮ ಪ್ರೀತಿಯ ಚಿತ್ರ ಇಡೀ ಕರ್ನಾಟಕದ ಚಿತ್ರವಲ್ಲ. ಅದು ಒಂದು ವರ್ಗ ತನ್ನನ್ನು ತಾನು ನೋಡಿಕೊಂಡ ಭಾವಚಿತ್ರ. ಆ ವರ್ಗದಲ್ಲೇ ಬೆಳೆದವನಾದ್ದರಿಂದ ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಇದೇ ಆಯ್ಕೆಯ ಇನ್ನೊಂದು ಮುಖವನ್ನು ಎರಡು ಬದುಕುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊದಿಂದ ಸೊರಗಿತು. ಅದೇ ಕೈಯಿಂದ ಅವರು 242 ಟೆಸ್ಟ್ ವಿಕೆಟ್ ಕಿತ್ತರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ಕಾರಣರಾದರು. ಈ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಬೆಂಗಳೂರಿನವರೇ ಆದ ಮಾಲತಿ ಹೊಳ್ಳ ಅವರಿಗೂ ಎಳವೆಯಲ್ಲೇ ಪೋಲಿಯೊ ತಗುಲಿತು. ಗಾಲಿಕುರ್ಚಿಯಲ್ಲಿ ಕುಳಿತು ಓಟ, ಜಾವೆಲಿನ್, ಶಾಟ್‌ಪುಟ್ ಸ್ಪರ್ಧೆಗಳಲ್ಲಿ ದೇಶವಿದೇಶಗಳಲ್ಲಿ ಪದಕ ಗೆದ್ದು, ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದವರು ಅವರು. ಅವರ ಹೆಸರನ್ನು ಕೇಳಿದರೆ ನಮ್ಮ ಕ್ರೀಡಾಪ್ರೇಮಿಗಳಲ್ಲಿ ಅನೇಕರು ಒಂದು ಕ್ಷಣ ತಡೆದು ಯೋಚಿಸುತ್ತಾರೆ. ಅಂಗವೈಕಲ್ಯ ಮಾಯವಾಗಿ ಮಾಂತ್ರಿಕತೆಯಾಗುವ ಕಥೆ ನಮಗೆ ಇಷ್ಟ, ಅಂಗವೈಕಲ್ಯ ಅಂಗವೈಕಲ್ಯವಾಗಿಯೇ ಕಣ್ಣೆದುರು ಇರುವ ಕಥೆ ಕಷ್ಟ. ಎರಡನೆಯದನ್ನು ಒಪ್ಪಿಕೊಂಡರೆ ಬಸ್ಸಿಗೆ ಇಳಿಜಾರು ಮೆಟ್ಟಿಲು ಬೇಕಾಗುತ್ತದೆ, ಶಾಲೆಗೆ ಲಿಫ್ಟ್ ಬೇಕಾಗುತ್ತದೆ, ಫುಟ್‌ಪಾತ್ ಸರಿಮಾಡಬೇಕಾಗುತ್ತದೆ. ಮೊದಲನೆಯದಕ್ಕೆ ಚಪ್ಪಾಳೆ ಸಾಕು.

ದ್ರಾವಿಡ್ ಈ ಪರಂಪರೆಯ ಕೊನೆಯ ಮತ್ತು ಅತ್ಯಂತ ಪರಿಪೂರ್ಣ ನಾಯಕ. 2001ರಲ್ಲಿ ಕೊಲ್ಕತ್ತದಲ್ಲಿ ಲಕ್ಷ್ಮಣ್ ಅವರ 281ರ ಪಕ್ಕದಲ್ಲಿ ನಿಂತ 180, 2011ರಲ್ಲಿ ತಂಡವೆಲ್ಲ ಕುಸಿದ ಇಂಗ್ಲೆಂಡ್ ಪ್ರವಾಸದ ಮೂರು ಶತಕಗಳು ಎಲ್ಲವೂ ಇನ್ನೊಬ್ಬರ ನೆರಳಿನಲ್ಲೋ ಸೋಲಿನ ನಡುವೆಯೋ ಮಾಡಿದ ದುಡಿಮೆಯಂತೆ ಕಾಣುತ್ತವೆ, ನಮಗೆ ಬೇಕಾದದ್ದೂ ಅದೇ. ಮೈದಾನದ ಹೊರಗಿನ ನಡವಳಿಕೆ ಆ ಚಿತ್ರವನ್ನು ಇನ್ನಷ್ಟು ಗಟ್ಟಿ ಮಾಡಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಕೊಡಮಾಡಿದ ಗೌರವ ಡಾಕ್ಟರೇಟನ್ನು ಅವರು ಬೇಡವೆಂದರು, ಸಂಶೋಧನೆ ಮಾಡಿಯೇ ಪಡೆಯುತ್ತೇನೆಂದರು. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದ ತಮಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಮಂಡಳಿ ಘೋಷಿಸಿದ್ದನ್ನು ಪ್ರಶ್ನಿಸಿ, ಕೊನೆಗೆ ಎಲ್ಲರಿಗೂ 25 ಲಕ್ಷ ಸಿಗುವಂತೆ ಮಾಡಿದರು. ಈ ಎರಡೂ ನಿಜಕ್ಕೂ ದೊಡ್ಡ ನಡೆಗಳು. ಗೌರವ ಡಾಕ್ಟರೇಟುಗಳನ್ನು ಪ್ರಸಾದದಂತೆ ಹಂಚುವ ನಾಡಿನಲ್ಲಿ ಮೊದಲನೆಯದಂತೂ ಬಹಳ ದೊಡ್ಡದು. ಆದರೆ ಅವರನ್ನು ಮೆಚ್ಚಿ ಮಾತಾಡುವ ಸಭೆಗಳಲ್ಲಿ 2004ರ ಬ್ರಿಸ್ಬೇನ್ ಪ್ರಸಂಗ ಎಂದೂ ಬರುವುದಿಲ್ಲ. ಜಿಂಬಾಬ್ವೆ ವಿರುದ್ಧದ ಏಕದಿನ ಪಂದ್ಯದಲ್ಲಿ ಬಾಯಲ್ಲಿದ್ದ ಕೆಮ್ಮಿನ ಮಿಠಾಯಿಯ ಅಂಟನ್ನು ಚೆಂಡಿಗೆ ಸವರಿದ್ದಕ್ಕೆ ಅವರಿಗೆ ಪಂದ್ಯದ ಶುಲ್ಕದಲ್ಲಿ ಅರ್ಧದಷ್ಟು ದಂಡ ಬಿದ್ದಿತ್ತು. ಅದೊಂದು ಸಣ್ಣ ತಪ್ಪು, ಅದರಿಂದ ಅವರ ಘನತೆಗೆ ಕುಂದಿಲ್ಲ. ಅದನ್ನು ನೆನಪಿನಿಂದ ಅಳಿಸಿದವರು ನಾವು, ಅವರಲ್ಲ. ನಮಗೆ ಬೇಕಿದ್ದುದು ಒಳ್ಳೆಯ ಮನುಷ್ಯನಲ್ಲ, ಕಲೆಯಿಲ್ಲದ ಮನುಷ್ಯ.

2008ರಲ್ಲಿ ಐಪಿಎಲ್ ಬಂದಾಗ ಈ ಮಾದರಿಗೆ ಮೊದಲ ಪೆಟ್ಟು ಬಿತ್ತು. ವಿಜಯ್ ಮಲ್ಯ ಕೊಂಡ ಬೆಂಗಳೂರು ತಂಡಕ್ಕೆ ದ್ರಾವಿಡ್ ನಾಯಕ. ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಐಪಿಎಲ್‌ನ ಮೊದಲ ಪಂದ್ಯದಲ್ಲೇ ಕೊಲ್ಕತ್ತದ ಬ್ರೆಂಡನ್ ಮೆಕಲಮ್ ಔಟಾಗದೆ 158 ಹೊಡೆದರು. ಆತಿಥೇಯರು 82ಕ್ಕೆ ಮುಗಿದು 140 ರನ್ನುಗಳಿಂದ ಸೋತರು. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಇದು ಟೆಸ್ಟ್ ಆಡುವವರ ತಂಡ ಎಂದು ದೇಶವೆಲ್ಲ ಗೇಲಿ ಮಾಡಿತು. ಮರುವರ್ಷ ನಾಯಕತ್ವ ಬೇರೆಯವರ ಪಾಲಾಯಿತು, 2011ರ ಹರಾಜಿನಲ್ಲಿ ದ್ರಾವಿಡ್ ರಾಜಸ್ಥಾನಕ್ಕೆ ಹೋದರು. ತಾಳ್ಮೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ ಎಂದು ಆಗ ಹಿರಿಯರು ನೊಂದುಕೊಂಡರು. ಆದರೆ ಆ ಹೊತ್ತಿಗೆ ನಗರವೇ ಬದಲಾಗಿತ್ತು. 2001ರಲ್ಲಿ ಸುಮಾರು 57 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 2011ರಲ್ಲಿ ಸುಮಾರು 85 ಲಕ್ಷ. ಬಡ್ತಿಗಾಗಿ ಹತ್ತು ವರ್ಷ ಕಾಯುವವರ ಊರು, ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರ ಊರಾಗಿತ್ತು. ಸಾಲ ಮಾಡಲು ಹೆದರುತ್ತಿದ್ದವರ ಮಕ್ಕಳು ಸಾಲದ ಕಂತಿನಲ್ಲಿ ಮನೆ, ಕಾರು ಕೊಳ್ಳುತ್ತಿದ್ದರು. ಅಂಥ ಊರಿಗೆ ಬೇರೆ ನಾಯಕ ಬೇಕಿತ್ತು.

ಆ ಜಾಗಕ್ಕೆ ಬಂದವರು ದೆಹಲಿಯ ವಿರಾಟ್ ಕೊಹ್ಲಿ. 2008ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ನಾಯಕ, ಅದೇ ವರ್ಷ ಬೆಂಗಳೂರು ತಂಡ ಸೇರಿ ಇಂದಿನವರೆಗೂ ಬೇರೆ ಯಾವ ತಂಡಕ್ಕೂ ಐಪಿಎಲ್ ಆಡಿಲ್ಲ. ಆತ ಸಿಟ್ಟನ್ನು ಬಚ್ಚಿಡುವುದಿಲ್ಲ, ಬೇಕೆಂಬುದನ್ನು ಬೇಕೆನ್ನುತ್ತಾನೆ, ದೇಹವನ್ನು ಒಂದು ಯೋಜನೆಯಂತೆ ಕಟ್ಟುತ್ತಾನೆ, ಗೆದ್ದಾಗ ಗರ್ಜಿಸುತ್ತಾನೆ, ಸೋತಾಗ ಅಳುತ್ತಾನೆ. ನನ್ನ ತಲೆಮಾರಿನ ಅನೇಕರಿಗೆ ಇದು ಅಸಭ್ಯವಾಗಿ ಕಂಡಿತು. ನನಗೂ ಮೊದಮೊದಲು ಹಾಗೆಯೇ ಅನಿಸಿತ್ತು. ಆದರೆ ತನ್ನ ಬೇಡಿಕೆಯನ್ನು ಗಟ್ಟಿಯಾಗಿ ಹೇಳುವುದು ಅಸಭ್ಯವೆಂದು ಭಾವಿಸುವ ಸೌಲಭ್ಯ ಇರುವುದು, ಕೇಳದೆಯೇ ಬಹಳಷ್ಟನ್ನು ಪಡೆದವರಿಗೆ ಮಾತ್ರ. ತಳಮಟ್ಟದಿಂದ ಬಂದು ನಗರದಲ್ಲಿ ಜಾಗ ಹುಡುಕುತ್ತಿದ್ದ ಹುಡುಗ ಹುಡುಗಿಯರಿಗೆ ಕೊಹ್ಲಿಯ ಸಿಟ್ಟು ತಮ್ಮದೇ ಸಿಟ್ಟಿನಂತೆ ಕಂಡಿದ್ದರೆ ಅಚ್ಚರಿಯಿಲ್ಲ.

ಅಚ್ಚರಿಯ ಸಂಗತಿ ಬೇರೆಯೇ ಇದೆ. ಕನ್ನಡ ಬಾರದ ಒಬ್ಬ ಪಂಜಾಬಿ ಆಟಗಾರನ ಸುತ್ತ ಬೆಳೆದ ಈ ಅಭಿಮಾನ, ಸಂಭಾವಿತ ನಾಯಕರ ಕಾಲದಲ್ಲಿ ಎಂದೂ ಆಗದಷ್ಟು ಕನ್ನಡದ್ದಾಯಿತು. ಟಿವಿಯಲ್ಲಿ ಕನ್ನಡದ ವೀಕ್ಷಕ ವಿವರಣೆ ಬಂತು. "ಈ ಸಲ ಕಪ್ ನಮ್ದೆ" ಎಂಬ ಘೋಷಣೆ ಹುಟ್ಟಿ, ಸೋತಾಗಲೆಲ್ಲ ಸ್ವಂತ ಗೇಲಿಯಾಗಿ, ಮುಂದಿನ ವರ್ಷ ಮತ್ತೆ ನಂಬಿಕೆಯಾಗಿ, ಕನ್ನಡ ಬಾರದವರ ಬಾಯಲ್ಲೂ ಓಡಾಡಿತು. 2009, 2011, 2016ರ ಮೂರು ಫೈನಲ್‌ಗಳ ಸೋಲು, ಅದರಲ್ಲೂ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಹೊಡೆದ 2016ರಲ್ಲಿ ಸ್ವಂತ ಮೈದಾನದಲ್ಲೇ 8 ರನ್ನಿನಿಂದ ಕಪ್ ಕೈತಪ್ಪಿದ್ದು, ಈ ಅಭಿಮಾನವನ್ನು ಕುಗ್ಗಿಸಲಿಲ್ಲ. ರಾಯಚೂರಿನ ಹೋಟೆಲಿನಲ್ಲೂ ಹಾಸನದ ಸಲೂನಿನಲ್ಲೂ ಒಂದೇ ತಂಡದ ಬಗ್ಗೆ ಒಂದೇ ಭಾಷೆಯಲ್ಲಿ ಜನ ಜಗಳವಾಡುವಂತಾಯಿತು. 1974ರ ರಣಜಿ ತಂಡ ಕನ್ನಡಿಗರದು, ಆದರೆ ಅದರ ಅಭಿಮಾನಿಗಳು ನಾಡಿನ ಒಂದು ಮೂಲೆಯವರು. ಈ ತಂಡದಲ್ಲಿ ಕನ್ನಡಿಗರು ಬೆರಳೆಣಿಕೆಯಷ್ಟೇ, ಅಭಿಮಾನಿಗಳು ಮಾತ್ರ ಇಡೀ ನಾಡಿನವರು. ಕೊನೆಗೂ ಕಪ್ ಗೆದ್ದ 2025ರ ಫೈನಲ್‌ನಲ್ಲಿ ಬೆಂಗಳೂರು ಪರ ಆಡಿದ ಕನ್ನಡಿಗರು ಮಯಂಕ್ ಅಗರ್ವಾಲ್ ಒಬ್ಬರೇ. ಅದೇ ಋತುವಿನ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ದೆಹಲಿಯ ಪರವಾಗಿ ಔಟಾಗದೆ 93 ಹೊಡೆದು ಬೆಂಗಳೂರನ್ನು ಚಿನ್ನಸ್ವಾಮಿಯಲ್ಲೇ ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಮೈದಾನ ಎಂದು ಸನ್ನೆ ಮಾಡಿದರು. ಒಂದು ಕನ್ನಡ ಚಿತ್ರದಿಂದ ಬಂದ ಭಂಗಿ ಅದೆಂದು ಆಮೇಲೆ ಅವರೇ ಹೇಳಿದರು. ಊರಿನ ಹುಡುಗ ಊರಿನ ತಂಡವನ್ನು ಸೋಲಿಸಿ ಊರು ನನ್ನದೆನ್ನುವುದು, ದೆಹಲಿಯ ಆಟಗಾರ ಊರಿನ ಮಗನಾಗಿರುವುದು, ಇವೆರಡನ್ನೂ ಒಟ್ಟಿಗೆ ಹೊಟ್ಟೆಗೆ ಹಾಕಿಕೊಳ್ಳುವ ನಗರ ಎಂಥದೆಂದು ಬೆಂಗಳೂರಿನಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊಸ ಕಾಲದಲ್ಲೂ ಬಿಟ್ಟುಹೋದವರಿದ್ದಾರೆ. ದಾವಣಗೆರೆಯ ಆಟೋ ಚಾಲಕರೊಬ್ಬರ ಮಗ ಆರ್. ವಿನಯ್ ಕುಮಾರ್ ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ, ಇರಾನಿ, ವಿಜಯ್ ಹಜಾರೆ ಎಂಬ ಮೂರೂ ದೇಶೀಯ ಟ್ರೋಫಿಗಳನ್ನು ಗೆದ್ದಿತು. ವಿಶ್ವನಾಥರ ಪೀಳಿಗೆಯೂ ಮಾಡದ ಸಾಧನೆ. ಆದರೆ ವಿನಯ್ ಎಂದರೆ ಬಹುಪಾಲು ಜನರಿಗೆ ನೆನಪಾಗುವುದು 2013ರ ನವೆಂಬರ್‌ನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ 9 ಓವರಿಗೆ ಕೊಟ್ಟ 102 ರನ್. ಹಳೆಯ ಮಾದರಿಗೆ ಬೇಕಾದ ಮನೆತನ ಆತನಿಗಿರಲಿಲ್ಲ, ಹೊಸ ಮಾದರಿಗೆ ಬೇಕಾದ ಥಳುಕೂ ಇರಲಿಲ್ಲ.

ಇನ್ನು 2025ರ ಜೂನ್. 3ನೆಯ ತಾರೀಖಿನ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಬೆಂಗಳೂರು ತಂಡ ಹದಿನೆಂಟನೆಯ ಋತುವಿನಲ್ಲಿ ಮೊದಲ ಬಾರಿ ಕಪ್ ಗೆದ್ದಿತು. 4ರ ಮಧ್ಯಾಹ್ನ ತಂಡ ನಗರಕ್ಕೆ ಬಂತು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ಆಮೇಲೆ ಕ್ರೀಡಾಂಗಣದಲ್ಲಿ ಸಂಭ್ರಮ. ಸುಮಾರು 35 ಸಾವಿರ ಜನ ಹಿಡಿಯುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದರು. ಗೇಟುಗಳ ಬಳಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು, ಹತ್ತಾರು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು, ಓದುವವರು, ಈಗಷ್ಟೇ ಕೆಲಸಕ್ಕೆ ಸೇರಿದವರು. ನ್ಯಾಯಾಂಗ ವಿಚಾರಣೆಗೆ ಆದೇಶವಾಯಿತು, ನಗರದ ಪೊಲೀಸ್ ಕಮಿಷನರ್ ಸೇರಿದಂತೆ ಅಧಿಕಾರಿಗಳ ಅಮಾನತಾಯಿತು, ತಪ್ಪು ಯಾರದೆಂಬ ಕೆಸರೆರಚಾಟ ತಿಂಗಳುಗಟ್ಟಲೆ ನಡೆಯಿತು.

ಆ ರಾತ್ರಿ ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತುಗಳನ್ನು ನಾನು ಮರೆತಿಲ್ಲ. ದುಃಖ ಇತ್ತು, ಆದರೆ ಅದರೊಳಗೆ ತಿರಸ್ಕಾರವೂ ಬೆರೆತಿತ್ತು. ಇವರಿಗೇನು ಕೆಲಸವಿರಲಿಲ್ಲವೇ, ಬುಧವಾರ ಕಾಲೇಜು ಬಿಟ್ಟು ಯಾರೋ ಆಟಗಾರನನ್ನು ನೋಡಲು ಹೋಗಬೇಕಿತ್ತೇ, ನಮ್ಮ ಕಾಲದಲ್ಲಿ ಹೀಗಿತ್ತೇ. ಇದನ್ನು ಬರೆದವರು ಕೆಟ್ಟವರಲ್ಲ. ಬಾಬ್ ಟೇಲರ್ ಕಥೆಯನ್ನು ಕಣ್ಣಲ್ಲಿ ನೀರು ತುಂಬಿ ಹೇಳುವವರೇ. ಅವರಿಗೆ ಹೊಳೆಯದ ಸಂಗತಿ ಒಂದಿತ್ತು. ಹಳೆಯ ನಾಯಕರನ್ನು ನೋಡಲು ಜನ ಸಾಯಬೇಕಿರಲಿಲ್ಲ, ಏಕೆಂದರೆ ಅವರು ಬ್ಯಾಂಕಿನ ಕೌಂಟರಿನ ಹಿಂದೆ, ಲೀಗ್ ಪಂದ್ಯದ ಮರದ ನೆರಳಿನಲ್ಲಿ, ಮಲ್ಲೇಶ್ವರದ ಮದುವೆ ಹಾಲಿನಲ್ಲಿ ಸಿಗುತ್ತಿದ್ದರು. ಹೊಸ ನಾಯಕ ಸಿಗುವುದು ಮೊಬೈಲಿನ ಪರದೆಯಲ್ಲಿ, ಇಲ್ಲವೇ ಸಾವಿರಾರು ರೂಪಾಯಿಯ ಟಿಕೆಟಿನ ಆಚೆ. ಆ ಟಿಕೆಟುಗಳು ಆನ್‌ಲೈನಿನಲ್ಲಿ ನಿಮಿಷಗಳಲ್ಲಿ ಮುಗಿಯುತ್ತವೆ; ಕ್ರೀಡಾಂಗಣದ ಒಂದು ಪಾಲು ಸದಸ್ಯರಿಗೆ, ಇನ್ನೊಂದು ಪಾಲು ಕಂಪನಿಗಳ ಅತಿಥಿಗಳಿಗೆ ಮೀಸಲು. ಹದಿನೇಳು ವರ್ಷ ಜರ್ಸಿ ಕೊಂಡು, ಘೋಷಣೆ ಕೂಗಿ, ತಂಡದ ಬೆಲೆ ಏರಿಸಿದವರಿಗೆ ಆ ಒಂದು ಮಧ್ಯಾಹ್ನ ಮಾತ್ರ ಗೇಟು ತೆರೆದಿರಬಹುದೆಂಬ ಆಸೆ ಹುಟ್ಟಿತು. ಜನಸಾಗರ ಎಂದು ಟಿವಿಯವರು ಸಂಭ್ರಮದಿಂದ ತೋರಿಸುತ್ತಿದ್ದುದು ಅವರನ್ನೇ. ಗುಂಪಾಗಿ ಅವರು ಎಲ್ಲರಿಗೂ ಬೇಕಿದ್ದರು. ಒಬ್ಬೊಬ್ಬರಿಗೂ ಒಂದು ಸೀಟು, ಒಂದು ದಾರಿ, ಒಂದು ಲೋಟ ನೀರು ಬೇಕೆಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹಾಗಾಗಿ ಕೊಹ್ಲಿ ಕಾಲದ ಅಭಿಮಾನ ಕೆಟ್ಟದ್ದು, ವಿಶ್ವನಾಥ್ ಕಾಲದ್ದು ಒಳ್ಳೆಯದು ಎಂಬ ವಾದದಲ್ಲಿ ನನಗೆ ನಂಬಿಕೆಯಿಲ್ಲ. ಮೊದಲನೆಯದು ಚಿಕ್ಕ ಮನೆಯ ಅಭಿಮಾನ, ಅದರೊಳಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಎರಡನೆಯದಕ್ಕೆ ಎಲ್ಲರನ್ನೂ ಕರೆದರು, ಆದರೆ ಮನೆಯನ್ನೇ ಕಟ್ಟಲಿಲ್ಲ.

ಇವೆರಡೂ ಕಾಲಗಳು ಒಂದು ವಿಷಯದಲ್ಲಿ ಮಾತ್ರ ಒಂದೇ ರೀತಿ ನಡೆದುಕೊಂಡವು. 1976ರ ಅಕ್ಟೋಬರ್ 31ರಂದು ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಆಡಿದ್ದು ಇದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವು ಬಂದದ್ದೂ ಅವರ ನಾಯಕತ್ವದಲ್ಲೇ. ಮರುವರ್ಷ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆ ಅವರು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಅವರು. ಅವರದೂ ಬ್ಯಾಂಕಿನ ನೌಕರಿಯೇ, ಕೆನರಾ ಬ್ಯಾಂಕಿನಲ್ಲಿ. ರೈಲಿನಲ್ಲಿ ಮುಂಗಡ ಸೀಟಿಲ್ಲದೆ ಕಿಟ್ ಹೊತ್ತು ಪ್ರಯಾಣ ಮಾಡಿ, ಡಾರ್ಮಿಟರಿಗಳಲ್ಲಿ ನೆಲದ ಮೇಲೆ ಮಲಗಿ ಆಡಿದ ಪೀಳಿಗೆ ಅದು. ತಾಳ್ಮೆ, ಸರಳತೆ, ನೌಕರಿ, ದುಡಿಮೆ, ನಮ್ಮ ಮನೆಯ ಮಾದರಿಗೆ ಬೇಕಾದ ಎಲ್ಲ ಗುಣಗಳೂ ಅವರಲ್ಲಿದ್ದವು. ಆದರೂ ನಮ್ಮ ಮನೆಯಲ್ಲಿ ಆ ಹೆಸರು ಕೇಳಿದ ನೆನಪು ನನಗಿಲ್ಲ. ಹೊಸ ಕಾಲದಲ್ಲೂ ಅಷ್ಟೇ: ಬೆಂಗಳೂರಿನ ಫ್ರಾಂಚೈಸಿಗೆ ಮೊದಲ ಕಪ್ ತಂದದ್ದು 2024ರ ಮಾರ್ಚ್‌ನಲ್ಲಿ ಸ್ಮೃತಿ ಮಂಧಾನ ನಾಯಕತ್ವದ ಮಹಿಳಾ ತಂಡ, ಆದರೆ 2025ರ ಜೂನ್‌ನಲ್ಲಿ ಎಲ್ಲರ ಬಾಯಲ್ಲೂ ಇದ್ದುದು ಹದಿನೆಂಟು ವರ್ಷಗಳ ಬರ ನೀಗಿತು ಎಂಬ ಮಾತು.

2025ರ ಮಹಿಳಾ ವಿಶ್ವಕಪ್‌ನ ದಿನಾಂಕ ಮತ್ತು ತಾಣಗಳ ಪಟ್ಟಿ ಆ ಕಾಲ್ತುಳಿತಕ್ಕೆ ಎರಡೇ ದಿನ ಮೊದಲು ಪ್ರಕಟವಾಗಿತ್ತು. ಅದರಂತೆ ಉದ್ಘಾಟನಾ ಪಂದ್ಯ ಬೆಂಗಳೂರಿನಲ್ಲಿ; ಪಾಕಿಸ್ತಾನ ಫೈನಲ್ ತಲುಪದಿದ್ದರೆ ನವೆಂಬರ್ 2ರ ಫೈನಲ್ ಕೂಡ ಇಲ್ಲೇ. ಜೂನ್ 4ರ ನಂತರ ಕ್ರೀಡಾಂಗಣಕ್ಕೆ ಅನುಮತಿ ಸಿಗದೆ, ಆಗಸ್ಟ್‌ನಲ್ಲಿ ಬೆಂಗಳೂರಿನ ಹೆಸರು ಪಟ್ಟಿಯಿಂದ ಹೋಯಿತು. ಪಾಕಿಸ್ತಾನ ಫೈನಲ್ ತಲುಪಲಿಲ್ಲ. ಭಾರತದ ಮಹಿಳೆಯರು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಮೊದಲ ವಿಶ್ವಕಪ್ ಗೆದ್ದದ್ದು ನವಿ ಮುಂಬಯಿಯಲ್ಲಿ, ಶಾಂತಾ ಅವರ ತಂಡ ಚಿನ್ನಸ್ವಾಮಿಯಲ್ಲಿ ತನ್ನ ಮೊದಲ ಟೆಸ್ಟ್ ಮುಗಿಸಿ ಸರಿಯಾಗಿ 49 ವರ್ಷವಾದ ದಿನ.